ಜ್ವರ ಬಿಟ್ಟರೂ ಬಿಡದ ಮಂಕು: ಕೆಲಸಕ್ಕೆ ಮರಳುವವರಿಗೆ ಯಾವ ಏರ್ಪಾಡು ಹೊಂದುತ್ತದೆ?

ಜ್ವರ ಹೋಗಿ ಮೂರು ತಿಂಗಳಾಗಿದೆ. ಓಡಾಡುತ್ತಾರೆ, ನಗುತ್ತಾರೆ, ನೋಡುವವರ ಕಣ್ಣಿಗೆ ಗುಣವಾಗಿದ್ದಾರೆ. ಆದರೆ ಹತ್ತು ವರ್ಷ ನಿದ್ದೆಗಣ್ಣಲ್ಲೂ ಮಾಡಬಲ್ಲಂತಿದ್ದ ಕೆಲಸದಲ್ಲಿ ಈಗ ಕೈ ತಡೆಯುತ್ತದೆ. ಒಂದೇ ಮೇಲ್ ಮೂರು ಸಲ ಓದಿದರೂ ತಲೆಗೆ ಇಳಿಯುವುದಿಲ್ಲ. ಸಭೆಯಲ್ಲಿ ಮಾತಿನ ನಡುವೆ ನಿಂತು ತೀರಾ ಸಾಮಾನ್ಯ ಪದವೊಂದಕ್ಕೆ ತಡಕಾಡುತ್ತಾರೆ. ಏನಾಯಿತು ಎಂದು ಕೇಳಿದರೆ "ತಲೆ ಓಡ್ತಾ ಇಲ್ಲ" ಎನ್ನುತ್ತಾರೆ, ಅಷ್ಟೇ. ಅದಕ್ಕಿಂತ ಹೆಚ್ಚು ವಿವರಿಸುವ ಶಕ್ತಿಯೂ ಆ ಹೊತ್ತಿಗೆ ಉಳಿದಿರುವುದಿಲ್ಲ.

ಇಂಥವರೊಬ್ಬರು ನಿಮ್ಮ ತಂಡದಲ್ಲಿದ್ದರೆ ನಿಮ್ಮ ಮುಂದೆ ಹಲವು ದಾರಿಗಳಿವೆ. ಪೂರ್ತಿ ರಜೆ ಕೊಡಬಹುದು. ದಿನದ ಗಂಟೆ ಇಳಿಸಬಹುದು, ಇಲ್ಲವೇ ವಾರದ ದಿನ ಇಳಿಸಬಹುದು. ಮನೆಯಿಂದ ಕೆಲಸ ಮಾಡಿ ಎನ್ನಬಹುದು. ಕೆಲಸದ ಸ್ವರೂಪವನ್ನೇ ಬದಲಿಸಬಹುದು, ಹುದ್ದೆಯನ್ನೂ ಬದಲಿಸಬಹುದು. ಇವುಗಳಲ್ಲಿ ಯಾವುದು ಯಾರಿಗೆ, ಯಾವಾಗ ಎಂದು ತೂಗಿ ನೋಡೋಣ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಎಲ್ಲರೂ ಮೊದಲು ಕತ್ತರಿ ಹಾಕುವುದು ಗಂಟೆಗಳಿಗೆ. ಮೊದಲು ಕತ್ತರಿ ಬೀಳಬೇಕಾದದ್ದು ನಡುನಡುವೆ ಗಮನ ಕೀಳುವ ಸಂಗತಿಗಳಿಗೆ. ಇನ್ನೊಂದು: ಏರ್ಪಾಡು ಫಲಿಸಿತೇ ಎಂಬುದನ್ನು ಆ ದಿನದ ಕೆಲಸ ನೋಡಿ ತೀರ್ಮಾನಿಸಬಾರದು. ಮಾರನೆಯ ದಿನ, ಅದರ ಮಾರನೆಯ ದಿನ ಆ ವ್ಯಕ್ತಿ ಹೇಗಿದ್ದಾರೆ ಎಂದು ನೋಡಿ ತೀರ್ಮಾನಿಸಬೇಕು.

ಮೊದಲು, ಹೋಗಿರುವುದೇನು, ಉಳಿದಿರುವುದೇನು

ಸೋಂಕಿನ ನಂತರ ಹೀಗಾಗುವುದು ಕೋವಿಡ್‌ನಿಂದ ಶುರುವಾದದ್ದಲ್ಲ. ಆಸ್ಟ್ರೇಲಿಯಾದ ಡಬ್ಬೊ ಎಂಬ ಊರಿನ ಸುತ್ತಮುತ್ತ ಸೋಂಕು ತಗುಲಿದ 253 ಜನರನ್ನು ತಿಂಗಳುಗಟ್ಟಲೆ ಗಮನಿಸಿದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಕೆಲವರಿಗೆ ಎಪ್‌ಸ್ಟೀನ್-ಬಾರ್ ವೈರಸ್, ಕೆಲವರಿಗೆ ರಾಸ್ ರಿವರ್ ವೈರಸ್, ಇನ್ನು ಕೆಲವರಿಗೆ ಬ್ಯಾಕ್ಟೀರಿಯಾದಿಂದ ಬರುವ ಕ್ಯೂ ಜ್ವರ. ರೋಗಾಣು ಬೇರೆ ಬೇರೆಯಾದರೂ ಆರು ತಿಂಗಳ ನಂತರದ ಚಿತ್ರ ಒಂದೇ ಥರ ಇತ್ತು: ಸುಮಾರು 12 ಪ್ರತಿಶತ ಜನರಲ್ಲಿ ದಣಿವು, ಮೈಕೈ ನೋವು, ಏಕಾಗ್ರತೆಯ ತೊಂದರೆ ಉಳಿದುಕೊಂಡಿತ್ತು. ಯಾರಿಗೆ ಹೀಗಾಗಬಹುದು ಎಂಬುದರ ಸುಳಿವು ಸಿಕ್ಕಿದ್ದು ಮೊದಲ ಜ್ವರ ಎಷ್ಟು ಜೋರಾಗಿತ್ತು ಎಂಬುದರಲ್ಲಿ, ಅವರ ಸ್ವಭಾವದಲ್ಲೋ ಹಿಂದಿನ ಮನೋವ್ಯಥೆಯಲ್ಲೋ ಅಲ್ಲ. "ಮನಸ್ಸು ಗಟ್ಟಿ ಮಾಡಿಕೊಂಡರೆ ಸರಿಹೋಗುತ್ತೆ" ಎನ್ನುವವರ ಮುಂದೆ ಈ ಒಂದು ಮಾತು ಇಟ್ಟರೆ ಸಾಕು.

ಕೋವಿಡ್ ವಿಷಯಕ್ಕೆ ಬಂದರೆ, ವಿಶ್ವ ಆರೋಗ್ಯ ಸಂಸ್ಥೆ 2021ರ ಅಕ್ಟೋಬರ್‌ನಲ್ಲಿ ಇದಕ್ಕೊಂದು ವ್ಯಾಖ್ಯೆ ಕೊಟ್ಟಿತು. ಸೋಂಕು ಶುರುವಾಗಿ ಸಾಮಾನ್ಯವಾಗಿ ಮೂರು ತಿಂಗಳ ಹೊತ್ತಿಗೆ ಕಾಣುವ, ಕನಿಷ್ಠ ಎರಡು ತಿಂಗಳು ಉಳಿಯುವ, ಬೇರೆ ಕಾಯಿಲೆಯಿಂದ ವಿವರಿಸಲಾಗದ ಲಕ್ಷಣಗಳು. ಅದರಲ್ಲಿ ಮುಖ್ಯವಾಗಿ ಹೆಸರಿಸಿದ ಮೂರು: ದಣಿವು, ಉಸಿರಾಟದ ತೊಂದರೆ, ಆಲೋಚನಾ ಸಾಮರ್ಥ್ಯದ ಕುಂದು. 2024ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಅಧ್ಯಯನದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಆನ್‌ಲೈನ್ ಪರೀಕ್ಷೆ ತೆಗೆದುಕೊಂಡರು. ಸೋಂಕೇ ತಗುಲದವರಿಗೆ ಹೋಲಿಸಿದರೆ, 12 ವಾರ ಕಳೆದರೂ ಲಕ್ಷಣ ಹೋಗದವರಲ್ಲಿ ಐಕ್ಯೂ ಲೆಕ್ಕದಲ್ಲಿ ಸರಾಸರಿ ಸುಮಾರು 6 ಅಂಶಗಳಷ್ಟು, ಗುಣವಾದವರಲ್ಲಿ ಸುಮಾರು 3 ಅಂಶಗಳಷ್ಟು ಇಳಿತ ಕಂಡಿತು. ಸರಾಸರಿ ಎಂದರೆ ಸರಾಸರಿ. ಒಬ್ಬರಿಗೆ ಏನೂ ಆಗದಿರಬಹುದು, ಇನ್ನೊಬ್ಬರಿಗೆ ಬದುಕೇ ತಿರುಗಿಬಿದ್ದಿರಬಹುದು.

ಏರ್ಪಾಡು ಮಾಡುವವರಿಗೆ ಈ ಸಂಖ್ಯೆಗಳಿಗಿಂತ ಮುಖ್ಯವಾದದ್ದು ತೊಂದರೆಯ ಬಗೆ. ಸಾಮಾನ್ಯವಾಗಿ ಪೆಟ್ಟು ಬೀಳುವುದು ಯೋಚನೆಯ ವೇಗಕ್ಕೆ, ಗಮನಕ್ಕೆ, ಕ್ಷಣಕಾಲ ವಿಷಯವನ್ನು ತಲೆಯಲ್ಲಿ ಹಿಡಿದಿಟ್ಟುಕೊಂಡು ಅದರ ಮೇಲೆ ಕೆಲಸ ಮಾಡುವ ಶಕ್ತಿಗೆ, ಒಂದು ಕೆಲಸದಿಂದ ಇನ್ನೊಂದಕ್ಕೆ ಹೊರಳುವ ಚುರುಕಿಗೆ. ವರ್ಷಗಳಿಂದ ಕಲಿತ ವಿದ್ಯೆ ಎಲ್ಲೂ ಹೋಗಿರುವುದಿಲ್ಲ. ಬೀರು ಮೊದಲಿನಂತೆಯೇ ತುಂಬಿದೆ, ಮುಂದಿರುವ ಮೇಜು ಮಾತ್ರ ಕಿರಿದಾಗಿದೆ. ಮೇಜಿನ ಮೇಲೆ ಒಂದು ಕಡತ ಇಟ್ಟರೆ ಹಿಂದಿನಷ್ಟೇ ಚೆನ್ನಾಗಿ ಓದುತ್ತಾರೆ, ನಾಲ್ಕು ಇಟ್ಟರೆ ಎಲ್ಲವೂ ಜಾರಿ ನೆಲಕ್ಕೆ ಬೀಳುತ್ತವೆ. ಮುಂದಿನ ಹೋಲಿಕೆಯೆಲ್ಲ ಈ ಮೇಜಿನ ಅಳತೆಯನ್ನೇ ನೆಚ್ಚಿಕೊಂಡಿದೆ.

ಆರಿಸುವ ಮೊದಲು ಆ ವ್ಯಕ್ತಿಯನ್ನೇ ಕೂರಿಸಿಕೊಂಡು ಒಂದು ಪ್ರಶ್ನೆ ಕೇಳಬೇಕು: "ಒಂದು ದಿನ ಹೆಚ್ಚು ಕೆಲಸ ಮಾಡಿದರೆ ಮಾರನೆಯ ದಿನ ಅಥವಾ ಅದರಾಚೆಯ ದಿನ ಹಾಸಿಗೆ ಹಿಡಿಯುವಂತೆ ಆಗುತ್ತದೆಯೇ?" ಕೆಲವರಲ್ಲಿ ದೇಹದ ಶ್ರಮವಿರಲಿ ತಲೆಯ ಶ್ರಮವಿರಲಿ, ಮಿತಿ ಮೀರಿದರೆ ಅದರ ಪೆಟ್ಟು ತಡವಾಗಿ ಬರುತ್ತದೆ. ಸಾಮಾನ್ಯವಾಗಿ 12ರಿಂದ 48 ಗಂಟೆ ಕಳೆದ ಮೇಲೆ ಕುಸಿಯುತ್ತಾರೆ, ಚೇತರಿಸಿಕೊಳ್ಳಲು ದಿನಗಳು, ಒಮ್ಮೊಮ್ಮೆ ವಾರಗಳೇ ಬೇಕಾಗುತ್ತವೆ. ಇದು ಎಲ್ಲರಿಗೂ ಇರುವುದಿಲ್ಲ. ಇದ್ದವರಿಗೂ ಇಲ್ಲದವರಿಗೂ ಒಂದೇ ಏರ್ಪಾಡು ಮಾಡುವುದು ಮಾತ್ರ ದೊಡ್ಡ ತಪ್ಪು. ಕುಸಿತವಿಲ್ಲದ ವ್ಯಕ್ತಿಗೆ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತ ಹೋದರೆ ಒಳ್ಳೆಯದಾಗಬಹುದು. ಕುಸಿತವಿರುವವರಿಗೆ ಅದೇ ಕ್ರಮ ಗಾಯದ ಮೇಲೆ ಬರೆ.

ಜೊತೆಗೆ ವೈದ್ಯರನ್ನು ಕಾಣಲು ಸಮಯ ಕೊಡಿ. ಥೈರಾಯ್ಡ್ ತೊಂದರೆ, ಬಿ12 ಅಥವಾ ಕಬ್ಬಿಣಾಂಶದ ಕೊರತೆ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಖಿನ್ನತೆ, ಮಂಪರು ತರುವ ಅಲರ್ಜಿ ಮಾತ್ರೆಗಳು ಇವೆಲ್ಲ ಇದೇ ರೀತಿಯ ಮಂಕು ತರಬಲ್ಲವು, ಮತ್ತು ಇವಕ್ಕೆ ಚಿಕಿತ್ಸೆ ಇದೆ. ಕೆಲವರಿಗೆ ಎದ್ದು ನಿಂತರೆ ಹೃದಯ ಬಡಿತ ಹತ್ತು ನಿಮಿಷದೊಳಗೆ ನಿಮಿಷಕ್ಕೆ 30ಕ್ಕೂ ಹೆಚ್ಚು ಏರುತ್ತದೆ. ಪಾಟ್ಸ್ ಎಂದು ಕರೆಯುವ ಈ ಸ್ಥಿತಿಯಲ್ಲಿ ನಿಂತಷ್ಟೂ ತಲೆ ಮಂಜಾಗುತ್ತದೆ. ಅವರಿಗೆ ಕುರ್ಚಿಯೊಂದೇ ಅರ್ಧ ಪರಿಹಾರ. ಇದನ್ನೆಲ್ಲ ಪತ್ತೆ ಹಚ್ಚುವುದು ಮ್ಯಾನೇಜರ್ ಕೆಲಸವಲ್ಲ. ಪತ್ತೆ ಹಚ್ಚಿಸಿಕೊಳ್ಳಲು ಹೋಗುವವರ ರಜೆಗೆ ಅಡ್ಡಗಾಲು ಹಾಕದಿರುವುದು ಮ್ಯಾನೇಜರ್ ಕೆಲಸ. ಐದು ಹತ್ತು ನಿಮಿಷದ ನೆನಪಿನ ಪರೀಕ್ಷೆಯಲ್ಲಿ "ಎಲ್ಲ ಸರಿಯಾಗಿದೆ" ಎಂದು ಬಂದರೂ ತೊಂದರೆ ಸುಳ್ಳು ಎಂದಲ್ಲ. ಶಾಂತ ಕೋಣೆಯಲ್ಲಿ ಹತ್ತು ನಿಮಿಷ ಸರಿಯಾಗಿರುವ ಗಮನ, ಗಲಾಟೆಯ ನಡುವೆ ಐದು ಗಂಟೆ ನಿಲ್ಲಬೇಕೆಂದಿಲ್ಲ.

ಪೂರ್ತಿ ರಜೆಯೋ, ಹಂತಹಂತವಾಗಿ ಮರಳುವುದೋ

ಮನೆಯೊಳಗಿನ ದಿನನಿತ್ಯದ ಕೆಲಸಕ್ಕೇ ಕುಸಿಯುತ್ತಿರುವವರಿಗೆ ಪೂರ್ತಿ ರಜೆ ಬಿಟ್ಟು ಬೇರೆ ಆಯ್ಕೆ ಇಲ್ಲ. ಸ್ನಾನ ಮಾಡಿ ಒಂದು ಗಂಟೆ ಮಲಗಬೇಕಾದವರಿಗೆ ವಾರಕ್ಕೆ ನಾಲ್ಕು ಗಂಟೆಯ ಕೆಲಸವೂ ಹೆಚ್ಚು. ಇಲ್ಲಿ ಅರೆಮನಸ್ಸಿನ ರಜೆ ಅತ್ಯಂತ ಕೆಟ್ಟದ್ದು. ರಜೆ ಎಂದು ಹೇಳಿ "ಒಂದು ಸಣ್ಣ ಪ್ರಶ್ನೆ" ಎಂದು ದಿನಕ್ಕೆ ಐದು ಸಂದೇಶ ಕಳಿಸಿದರೆ ಅವರಿಗೆ ವಿಶ್ರಾಂತಿಯೂ ಇಲ್ಲ, ಕೆಲಸ ಮಾಡಿದ ಸಮಾಧಾನವೂ ಇಲ್ಲ.

ಆದರೆ ರಜೆಗೂ ಒಂದು ಬೆಲೆ ಇದೆ. ತಿಂಗಳುಗಳು ಕಳೆದಂತೆ ಮರಳುವುದು ಕಷ್ಟವಾಗುತ್ತ ಹೋಗುತ್ತದೆ, ಆದಾಯ ನಿಲ್ಲಬಹುದು, ತಾನು ಯಾರಿಗೂ ಬೇಡವಾದೆ ಎಂಬ ಭಾವ ಬೇರೂರುತ್ತದೆ. ಹಾಗಾಗಿ ಮನೆಯ ದಿನಚರಿ ಎರಡು ಮೂರು ವಾರ ಕುಸಿತವಿಲ್ಲದೆ ನಡೆಯುತ್ತಿದೆ ಎಂದಾದರೆ ಹಂತಹಂತದ ಮರಳುವಿಕೆಯೇ ಒಳ್ಳೆಯದು.

ಇಲ್ಲೊಂದು ಒಳಹೋಲಿಕೆ ಇದೆ, ಮುಖ್ಯವಾದದ್ದು ಅದೇ. ಹಂತಗಳನ್ನು ಕ್ಯಾಲೆಂಡರ್ ನೋಡಿ ಏರಿಸಬೇಕೋ, ವ್ಯಕ್ತಿಯನ್ನು ನೋಡಿ ಏರಿಸಬೇಕೋ? ಹಲವು ಕಚೇರಿಗಳ ಸಿದ್ಧ ನಮೂನೆ ಹೀಗಿರುತ್ತದೆ: ಮೊದಲ ವಾರ 25 ಪ್ರತಿಶತ, ಎರಡನೆಯದು 50, ಮೂರನೆಯದು 75, ನಾಲ್ಕನೇ ವಾರಕ್ಕೆ ಪೂರ್ತಿ. ಮೂಳೆ ಮುರಿದು ಕೂಡಿಕೊಂಡವರಿಗೆ ಇದು ಸರಿ. ಸೋಂಕಿನ ನಂತರದ ಮಂಕಿಗೆ ಇದು ಸರಿಹೊಂದುವುದು ಅಪರೂಪ, ಏಕೆಂದರೆ ಈ ಚೇತರಿಕೆ ನೇರ ಗೆರೆಯಲ್ಲ, ಏರಿಳಿತ. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆಯಾದ ನೈಸ್ ದೀರ್ಘಕಾಲದ ದಣಿವಿನ ಕಾಯಿಲೆಯ ಬಗ್ಗೆ 2021ರ ಅಕ್ಟೋಬರ್‌ನಲ್ಲಿ ಹೊಸ ಮಾರ್ಗಸೂಚಿ ತಂದಾಗ, ನಿಗದಿತ ಪ್ರಮಾಣದಲ್ಲಿ ಹೆಚ್ಚಿಸುತ್ತ ಹೋಗುವ ವ್ಯಾಯಾಮ ಕ್ರಮವನ್ನು ಕೊಡಬೇಡಿ ಎಂದಿತು. ಬದಲಿಗೆ ಇರುವ ಶಕ್ತಿಯ ಮಿತಿಯೊಳಗೆ ಇರುವುದನ್ನು ಕಲಿಸಿ ಎಂದಿತು. ಅದು ಆ ಕಾಯಿಲೆಯ ವ್ಯಾಯಾಮದ ಮಾತು ನಿಜ. ಆದರೂ ಶ್ರಮದ ನಂತರ ಕುಸಿಯುವವರ ಕೆಲಸದ ಏಣಿಗೂ ಅದೇ ಎಚ್ಚರ ಬೇಕು ಎಂಬುದು ನನ್ನ ಅಭಿಪ್ರಾಯ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಇವರ ಮಟ್ಟಿಗೆ ಹಣಕ್ಕಲ್ಲ, ಶಕ್ತಿಗೆ.

ಆದ್ದರಿಂದ ಏಣಿಯ ಪ್ರತಿ ಮೆಟ್ಟಿಲಿಗೂ ಒಂದು ಷರತ್ತು ಇರಲಿ: ಈಗಿನ ಮೆಟ್ಟಿಲಿನಲ್ಲಿ ಎರಡು ವಾರ ಕುಸಿತವಿಲ್ಲದೆ ಕಳೆದರೆ ಮಾತ್ರ ಮುಂದಿನದು. ಕುಸಿದರೆ ಒಂದು ಮೆಟ್ಟಿಲು ಕೆಳಗೆ, ಯಾರ ವಿವರಣೆಯನ್ನೂ ಕೇಳದೆ. ನಾಲ್ಕು ವಾರ ಎಂಬುದನ್ನು ಮರೆತು ತಿಂಗಳುಗಳ ಲೆಕ್ಕ ಇಟ್ಟುಕೊಳ್ಳುವುದೇ ಪ್ರಾಮಾಣಿಕತೆ.

ದಿನಕ್ಕೆ ಕಡಿಮೆ ಗಂಟೆಯೋ, ವಾರಕ್ಕೆ ಕಡಿಮೆ ದಿನವೋ

ವಾರಕ್ಕೆ 20 ಗಂಟೆ ಎಂದು ಒಪ್ಪಿದ್ದೀರಿ ಎನ್ನೋಣ. ಐದು ದಿನ ನಾಲ್ಕು ನಾಲ್ಕು ಗಂಟೆಯೋ, ಎರಡೂವರೆ ದಿನ ಎಂಟೆಂಟು ಗಂಟೆಯೋ? ಕಾಗದದ ಮೇಲೆ ಎರಡೂ ಒಂದೇ. ಮೇಜು ಕಿರಿದಾದವರಿಗೆ ಒಂದೇ ಅಲ್ಲ. ದಿನ ಉದ್ದವಾದಷ್ಟೂ ಅವರ ತಪ್ಪುಗಳು ಏರಬಹುದು, ಕೊನೆಯ ಗಂಟೆಗಳಿಗೆ ಮೊದಲಿನವಕ್ಕಿಂತ ಹೆಚ್ಚು ಶಕ್ತಿ ತೆರಬೇಕಾಗಬಹುದು. ಹಾಗಾಗಿ ಸಾಮಾನ್ಯವಾಗಿ ಸಣ್ಣ ದಿನಗಳೇ ಮೇಲು.

ಆದರೆ ಕಚೇರಿಗೆ ಹೋಗಿಬರುವುದೇ ದೊಡ್ಡ ಶ್ರಮವಾದರೆ ಲೆಕ್ಕ ತಿರುಗುತ್ತದೆ. ನಾಲ್ಕು ಗಂಟೆಯ ಕೆಲಸಕ್ಕೆ ಎರಡು ಗಂಟೆ ಪ್ರಯಾಣ ಎಂದರೆ ಆ ದಿನ ಆರು ಗಂಟೆಯದು. ಅಂಥವರಿಗೆ ದಿನ ಬಿಟ್ಟು ದಿನ ಬರುವ ಕ್ರಮ ಒಳ್ಳೆಯದು: ನಡುವಿನ ದಿನ ತಡವಾಗಿ ಬರುವ ಪೆಟ್ಟಿಗೆ ಜಾಗ ಕೊಡುತ್ತದೆ. ಸೋಮ, ಮಂಗಳ, ಬುಧ ಒಟ್ಟಿಗೆ ಕೆಲಸ ಮಾಡಿ ಉಳಿದ ದಿನ ರಜೆ ಎಂಬುದು ನೋಡಲು ಅನುಕೂಲ, ಆದರೆ ಸೋಮವಾರದ ಸಾಲವನ್ನು ಬುಧವಾರ ಬಡ್ಡಿ ಸಮೇತ ತೀರಿಸಬೇಕಾಗುತ್ತದೆ.

ಯಾವ ಹೊತ್ತು ಎಂಬುದನ್ನೂ ಅವರೇ ಹೇಳಲಿ. ಬೆಳಗ್ಗೆ ಹತ್ತರವರೆಗೆ ತಲೆ ತಿಳಿಯಾಗದವರಿದ್ದಾರೆ, ಮಧ್ಯಾಹ್ನದ ನಂತರ ಮಂಕಾಗುವವರಿದ್ದಾರೆ.

ಗಂಟೆಯ ಕಡಿತವೋ, ಗೊಂದಲದ ಕಡಿತವೋ

ನಾನು ಎಡವಿದ್ದು ಇಲ್ಲೇ, ಅದಕ್ಕೇ ಇಲ್ಲಿ ಹೆಚ್ಚು ಹೊತ್ತು ನಿಲ್ಲುತ್ತೇನೆ.

ನಮ್ಮ ತಂಡದ ಒಬ್ಬರು, ಲೆಕ್ಕಪತ್ರ ಪರಿಶೀಲಿಸುವುದರಲ್ಲಿ ಎಲ್ಲರಿಗಿಂತ ನಿಪುಣೆ, ಸೋಂಕಿನ ನಂತರ ಇದೇ ಮಂಕಿನೊಂದಿಗೆ ಮರಳಿದರು. ನಾನು ಕೂಡಲೇ ದಿನಕ್ಕೆ ನಾಲ್ಕು ಗಂಟೆ ಎಂದು ಒಪ್ಪಿಸಿದೆ, ಒಳ್ಳೆಯದನ್ನೇ ಮಾಡಿದೆ ಎಂದುಕೊಂಡೆ. ಆದರೆ ಅವರು ಇರುವುದು ನಾಲ್ಕೇ ಗಂಟೆ ಎಂದು ಎಲ್ಲರೂ ಆ ನಾಲ್ಕು ಗಂಟೆಗೇ ಮುತ್ತಿಗೆ ಹಾಕಿದರು. ಮೊದಲು ಇಡೀ ದಿನಕ್ಕೆ ಹರಡಿದ್ದ ಸಭೆ, ಕರೆ, "ಒಂದು ನಿಮಿಷ ಸಿಗ್ತೀರಾ" ಎಲ್ಲವೂ ಬೆಳಗಿನ ನಾಲ್ಕು ಗಂಟೆಗೆ ಬಂದು ಕೂತವು. ಗಂಟೆ ಅರ್ಧವಾಗಿತ್ತು, ಪ್ರತಿ ಗಂಟೆಯಲ್ಲಿ ಬೀಳುವ ಅಡಚಣೆ ಇಮ್ಮಡಿಯಾಗಿತ್ತು. ವಾರದ ಮೊದಲ ಎರಡು ದಿನ ಚೆನ್ನಾಗಿಯೇ ಕಂಡರು. ಗುರುವಾರ ಬರುತ್ತಿರಲಿಲ್ಲ. ಮೂರು ವಾರ ಹೀಗೇ ಆಯಿತು. ನಾಲ್ಕನೇ ವಾರ ಅವರು ನನ್ನೆದುರು ಕೂತು ಹೇಳಿದ್ದು ಇಂದಿಗೂ ಮನಸ್ಸಿನಲ್ಲಿದೆ: "ಕೆಲಸ ಕಷ್ಟ ಇಲ್ಲ. ಕೆಲಸದಿಂದ ಕೆಲಸಕ್ಕೆ ಹೋಗೋದು ಕಷ್ಟ."

ಆಮೇಲೆ ಗಂಟೆಗಳನ್ನು ಮುಟ್ಟಲಿಲ್ಲ. ಸಭೆಗಳನ್ನು ವಾರಕ್ಕೆ ಒಂದಕ್ಕೆ ಇಳಿಸಿದೆವು, ಉಳಿದವುಗಳ ಸಾರ ಬರಹದಲ್ಲಿ ಹೋಗುತ್ತಿತ್ತು. ದಿನಕ್ಕೆ ಒಂದೇ ಕಡತ. ಪ್ರಶ್ನೆಗಳಿದ್ದರೆ ಒಂದು ಹಾಳೆಯಲ್ಲಿ ಬರೆದಿಡುವುದು, ಅವರು ತಮ್ಮ ಹೊತ್ತಿನಲ್ಲಿ ಉತ್ತರಿಸುವುದು. ಅದೇ ನಾಲ್ಕು ಗಂಟೆ, ಆದರೆ ಗುರುವಾರ ಬರತೊಡಗಿದರು. ಒಬ್ಬರ ಅನುಭವದಿಂದ ಎಲ್ಲರಿಗೂ ನಿಯಮ ಮಾಡಲಾಗದು, ಗೊತ್ತು. ಆದರೆ ತೊಂದರೆ ಗಮನ ಮತ್ತು ಹೊರಳುವಿಕೆಯದ್ದಾದರೆ ಮದ್ದು ಅಲ್ಲೇ ಬೀಳಬೇಕು ಎಂಬುದಕ್ಕೆ ಇದಕ್ಕಿಂತ ನೇರವಾದ ಪಾಠ ನನಗೆ ಸಿಕ್ಕಿಲ್ಲ.

ಹಾಗೆಂದು ಗೊಂದಲ ತೆಗೆದರೆ ಸಾಕು, ಪೂರ್ತಿ ಹೊತ್ತು ದುಡಿಸಬಹುದು ಎಂದು ಓದಿಕೊಳ್ಳಬೇಡಿ. ದಣಿವು ಮುಖ್ಯ ಲಕ್ಷಣವಾದವರಿಗೆ ಗಂಟೆಯೂ ಇಳಿಯಲೇಬೇಕು. ಗುರುತು ಹೀಗೆ: ಬೆಳಗ್ಗೆ ಶುರುವಿನಲ್ಲೇ, ಶಾಂತವಾಗಿ ಒಂದೇ ಕೆಲಸ ಮಾಡುವಾಗಲೂ ತಪ್ಪಾಗುತ್ತಿದ್ದರೆ ಗಂಟೆ ಹೆಚ್ಚಾಗಿದೆ ಅಥವಾ ಮರಳಿದ್ದು ಬೇಗವಾಗಿದೆ. ಒಂದೇ ಕೆಲಸದಲ್ಲಿ ಸರಿಯಿದ್ದು, ಮಧ್ಯೆ ತಡೆದಾಗ ಮಾತ್ರ ಎಳೆ ತಪ್ಪುತ್ತಿದ್ದರೆ ಗೊಂದಲ ಹೆಚ್ಚಾಗಿದೆ.

ಕೆಲಸ ಹಂಚುವಾಗ ಒಂದು ವಿಚಿತ್ರ ನಡೆಯುತ್ತದೆ. "ಪಾಪ, ಸುಲಭದ್ದು ಕೊಡೋಣ" ಎಂದು ಫೋನ್ ಎತ್ತುವುದು, ವೇಳಾಪಟ್ಟಿ ಹೊಂದಿಸುವುದು, ಹತ್ತು ಜನರಿಗೆ ನೆನಪು ಮಾಡುವುದು ಇಂಥವನ್ನು ಕೊಡುತ್ತಾರೆ. ಬುದ್ಧಿಗೆ ಅವು ಸುಲಭ, ಗಮನಕ್ಕೆ ಅವೇ ಅತಿ ದುಬಾರಿ. ಅದಕ್ಕೆ ಬದಲು, ಗಡುವು ದೂರವಿರುವ, ಆಳವಾದ, ಅವರು ಚೆನ್ನಾಗಿ ಬಲ್ಲ ಒಂದು ಕೆಲಸ ಕೊಟ್ಟರೆ ಮೇಜೂ ತುಂಬುವುದಿಲ್ಲ, ಅವರ ಮರ್ಯಾದೆಯೂ ಉಳಿಯುತ್ತದೆ. ಹಳೆಯ ವಿದ್ಯೆಗೆ ಹೊಸ ಕೆಲಸ ಬೇಡ, ಹೊಸ ಸಾಫ್ಟ್‌ವೇರ್ ಕಲಿಸುವ ಹೊತ್ತಂತೂ ಇದಲ್ಲ.

ಮನೆಯೋ, ಕಚೇರಿಯೋ

ಮನೆಯಿಂದ ಕೆಲಸ ಪ್ರಯಾಣದ ಶ್ರಮ ಉಳಿಸುತ್ತದೆ, ನಡುವೆ ಅರ್ಧ ಗಂಟೆ ಕಣ್ಣು ಮುಚ್ಚಿ ಮಲಗಲು ಬಿಡುತ್ತದೆ, ಬೆಳಕು ಸದ್ದು ತಮ್ಮ ಹಿಡಿತದಲ್ಲಿರುತ್ತವೆ. ಪ್ರಖರ ದೀಪ, ಸುತ್ತಲಿನ ಮಾತು ಇವರನ್ನು ಬೇಗ ದಣಿಸುತ್ತವೆ. ಹಾಗಾಗಿ ತೆರೆದ ಸಭಾಂಗಣದಂಥ ಕಚೇರಿಗಿಂತ ಮನೆ ಮೇಲು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಮನೆಯಲ್ಲಿ ಚಿಕ್ಕ ಮಕ್ಕಳೋ ಆರೈಕೆ ಬೇಕಾದ ಹಿರಿಯರೋ ಇದ್ದರೆ ಬಾಣಲೆಯಿಂದ ಬೆಂಕಿಗೆ ಬಿದ್ದ ಹಾಗೆ. ಅಂಥವರಿಗೆ ಕಚೇರಿಯ ಮೂಲೆಯ, ಬಾಗಿಲು ಮುಚ್ಚಬಹುದಾದ ಒಂದು ಕೋಣೆಯೇ ವರ. ಕೇಳದೆ ತೀರ್ಮಾನಿಸಬೇಡಿ.

ಮನೆಯ ಇನ್ನೊಂದು ಅಪಾಯ ವಿಡಿಯೋ ಕರೆ. ಹತ್ತು ಮುಖ, ತಡವಾಗಿ ಬರುವ ದನಿ, ಪಕ್ಕದಲ್ಲಿ ಓಡುವ ಚಾಟ್ ಎಲ್ಲವನ್ನೂ ಒಟ್ಟಿಗೆ ಹಿಡಿಯಬೇಕು. ಕ್ಯಾಮೆರಾ ಆಫ್ ಮಾಡಲು ಅನುಮತಿ, ಅರ್ಧ ಗಂಟೆಯ ಮಿತಿ, ಮೊದಲೇ ಕಳಿಸಿದ ವಿಷಯಪಟ್ಟಿ: ಈ ಮೂರಿಲ್ಲದಿದ್ದರೆ ಮನೆಯಿಂದ ಕೆಲಸದ ಲಾಭ ಅರ್ಧ ಸೋರಿಹೋಗುತ್ತದೆ.

ಉಪಕರಣಗಳು

ಸಭೆಯ ರೆಕಾರ್ಡಿಂಗ್, ಬರಹದ ಸೂಚನೆ, ಚೆಕ್‌ಲಿಸ್ಟ್, ಅಲಾರಂ, ಕಿವಿಗೆ ಸದ್ದು ತಡೆಯುವ ಹೆಡ್‌ಫೋನ್. ಇವನ್ನು ಬೇರೆ ಏರ್ಪಾಡಿನ ಬದಲಿಗೆ ಕೊಡಬೇಡಿ, ಜೊತೆಗೆ ಕೊಡಿ. ಒಂದೇ ಒಂದು ಆರಿಸುವುದಾದರೆ ಬರಹದ ಸೂಚನೆ ಆರಿಸಿ. ಬಾಯಲ್ಲಿ ಹೇಳಿದ ಐದು ಹೆಜ್ಜೆಗಳು ಕಿರಿದಾದ ಮೇಜಿನ ಮೇಲೆ ನಿಲ್ಲುವುದಿಲ್ಲ, ಹಾಳೆಯ ಮೇಲೆ ನಿಲ್ಲುತ್ತವೆ. ರೆಕಾರ್ಡಿಂಗ್ ಕೊಟ್ಟು "ಆಮೇಲೆ ಕೇಳಿಕೊಳ್ಳಿ" ಎಂದರೆ ಒಂದು ಗಂಟೆಯ ಸಭೆಗೆ ಎರಡು ಗಂಟೆ ಖರ್ಚು. ಮೆದುಳಿಗೆ ಕಸರತ್ತು ಎಂದು ಹೇಳಿಕೊಳ್ಳುವ ಆಟದ ಆ್ಯಪ್‌ಗಳಿಗಿಂತ ಆ ಹೊತ್ತಿನ ವಿಶ್ರಾಂತಿಯ ಮೇಲೆ ನನಗೆ ಹೆಚ್ಚು ನಂಬಿಕೆ.

ಹುದ್ದೆ ಬದಲಿಸುವ ಮಾತು

ಇದು ಕೊನೆಗೆ ಬರಬೇಕಾದ ಆಯ್ಕೆ. ಒಂದು ಸಂದರ್ಭದಲ್ಲಿ ಮಾತ್ರ ಮೊದಲಿಗೆ ಬರುತ್ತದೆ: ಕ್ಷಣದ ಮೈಮರೆವು ಜೀವಕ್ಕೆ ಎರವಾಗುವ ಕೆಲಸ. ವಾಹನ ಓಡಿಸುವವರು, ಭಾರೀ ಯಂತ್ರದ ಮುಂದೆ ನಿಲ್ಲುವವರು, ಎತ್ತರದಲ್ಲಿ ದುಡಿಯುವವರು, ಔಷಧದ ಪ್ರಮಾಣ ಲೆಕ್ಕ ಹಾಕುವವರು. ಇಲ್ಲಿ "ಪ್ರಯತ್ನಿಸಿ ನೋಡೋಣ" ಎನ್ನುವಂತಿಲ್ಲ. ವೈದ್ಯರ ಒಪ್ಪಿಗೆ ಬರುವವರೆಗೆ ಅವರನ್ನು ಆ ಜಾಗದಿಂದ ಸರಿಸಬೇಕು, ಸಂಬಳ ಮತ್ತು ದರ್ಜೆ ಮುಟ್ಟದೆ. ಸಂಬಳ ಕತ್ತರಿಸಿದರೆ ಮುಂದಿನವರು ತೊಂದರೆಯನ್ನು ಬಚ್ಚಿಡುತ್ತಾರೆ, ಮತ್ತು ಬಚ್ಚಿಟ್ಟ ಮಂಕು ಸ್ಟೀರಿಂಗ್ ಹಿಂದೆ ಕೂರುತ್ತದೆ.

ಉಳಿದವರಿಗೆ ತಾತ್ಕಾಲಿಕ ಬದಲಾವಣೆಯೋ ಕಾಯಂ ಬದಲಾವಣೆಯೋ ಎಂದರೆ ಮೊದಲ ವರ್ಷದೊಳಗೆ ಕಾಯಂ ತೀರ್ಮಾನ ಬೇಡ ಎನ್ನುತ್ತೇನೆ. ಹಲವರು ತಿಂಗಳುಗಳಲ್ಲಿ ಸುಧಾರಿಸುತ್ತಾರೆ, ಕೆಲವರು ವರ್ಷಗಳ ಕಾಲ ನರಳುತ್ತಾರೆ, ಯಾರು ಯಾವ ಗುಂಪು ಎಂದು ಆರಂಭದಲ್ಲಿ ಹೇಳಲಾಗದು. ತಾತ್ಕಾಲಿಕ ಎಂದಾದರೆ ಮರಳಿ ನೋಡುವ ದಿನಾಂಕವನ್ನು ಬರೆದಿಡಿ. ದಿನಾಂಕವಿಲ್ಲದ ತಾತ್ಕಾಲಿಕ ಏರ್ಪಾಡು ಸದ್ದಿಲ್ಲದೆ ಹಿಂಬಡ್ತಿಯಾಗಿಬಿಡುತ್ತದೆ. ಅದು ಅನ್ಯಾಯ.

ಯಾರಿಗೆ ಎಷ್ಟು ಹೇಳಬೇಕು

ಉದ್ಯೋಗಿಯ ಕಡೆಯಿಂದಲೂ ಒಂದು ಆಯ್ಕೆ ಇದೆ: ಕಾಯಿಲೆಯ ಹೆಸರು ಹೇಳುವುದೋ, ಕೆಲಸದ ಮಿತಿಯನ್ನು ಮಾತ್ರ ಹೇಳುವುದೋ? ಎರಡನೆಯದೇ ಸಾಮಾನ್ಯವಾಗಿ ಹೆಚ್ಚು ಉಪಯೋಗಕ್ಕೆ ಬರುತ್ತದೆ. "ಕೋವಿಡ್ ನಂತರದ ತೊಂದರೆಯಿಂದ ಬಳಲುತ್ತಿದ್ದಾರೆ, ವಿಶ್ರಾಂತಿ ಬೇಕು" ಎಂಬ ವೈದ್ಯರ ಪತ್ರದಿಂದ ಮ್ಯಾನೇಜರ್‌ಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. "ಎರಡು ಗಂಟೆಗೊಮ್ಮೆ 20 ನಿಮಿಷ ಬಿಡುವು, ಒಂದು ಹೊತ್ತಿಗೆ ಒಂದೇ ಕೆಲಸ, ಸೂಚನೆ ಬರಹದಲ್ಲಿ, ಎಂಟು ವಾರದ ನಂತರ ಮರುಪರಿಶೀಲನೆ" ಎಂದು ಬರೆದರೆ ಅದೇ ದಿನ ಜಾರಿಗೆ ತರಬಹುದು. ವೈದ್ಯರ ಬಳಿ ಹೋಗುವಾಗ ನಿಮ್ಮ ದಿನದ ಕೆಲಸಗಳ ಪಟ್ಟಿ ಒಯ್ಯಿರಿ. ನಿಮ್ಮ ಕೆಲಸ ಏನೆಂದು ಅವರಿಗೆ ಗೊತ್ತಿರುವುದಿಲ್ಲ.

ಕಾನೂನಿನ ರಕ್ಷಣೆ ಬೇಕಾದಾಗ ಮಾತ್ರ ಹೆಸರು ಮುಖ್ಯವಾಗುತ್ತದೆ. ಅದು ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದ ಸರ್ಕಾರ 2021ರ ಜುಲೈನಲ್ಲೇ, ದೀರ್ಘಕಾಲ ಉಳಿಯುವ ಕೋವಿಡ್ ಬದುಕಿನ ಮುಖ್ಯ ಚಟುವಟಿಕೆಗಳನ್ನು ಗಣನೀಯವಾಗಿ ಮಿತಿಗೊಳಿಸಿದರೆ ಅಂಗವೈಕಲ್ಯ ಕಾನೂನಿನಡಿ ಬರಬಹುದು ಎಂದು ಸ್ಪಷ್ಟಪಡಿಸಿತು.

ತಂಡದ ಉಳಿದವರಿಗೆ ಏನು ಹೇಳಬೇಕು ಎಂಬುದನ್ನು ಆ ವ್ಯಕ್ತಿಯೇ ಪದಪದವಾಗಿ ಒಪ್ಪಲಿ. ಏನೂ ಹೇಳದಿದ್ದರೆ "ಮೈಗಳ್ಳ" ಎಂಬ ಪಿಸುಮಾತು ಹುಟ್ಟುತ್ತದೆ, ಮತ್ತು ಆ ಪಿಸುಮಾತಿಗೆ ಹೆದರಿ ಮಿತಿ ಮೀರಿ ದುಡಿದು ಕುಸಿದವರನ್ನು ನಾನು ನೋಡಿದ್ದೇನೆ. ಅವರ ಕೆಲಸದ ಪಾಲು ಯಾರ ಮೇಲೆ ಬೀಳುತ್ತದೆ ಎಂಬುದನ್ನೂ ಬಾಯಿಬಿಟ್ಟು ಹೇಳಿ, ಆ ಪಾಲಿಗೆ ಪ್ರತಿಯಾಗಿ ಅವರಿಂದ ಏನನ್ನು ತೆಗೆಯುತ್ತೀರಿ ಎಂಬುದನ್ನೂ ಹೇಳಿ. ಸಹೋದ್ಯೋಗಿಗಳ ಸಿಟ್ಟು ಬಹುತೇಕ ಕಾಯಿಲೆಯ ಮೇಲಲ್ಲ, ಲೆಕ್ಕವಿಲ್ಲದೆ ಬಂದ ಹೆಚ್ಚುವರಿ ಕೆಲಸದ ಮೇಲೆ.

ಏರ್ಪಾಡು ಫಲಿಸಿತೇ ಎಂದು ತಿಳಿಯುವ ಬಗೆ

ಕೆಲಸದ ಪ್ರಮಾಣ ಅಳೆಯುವುದು ಸುಲಭ, ಆದರೆ ಅದು ಮೋಸ ಮಾಡುತ್ತದೆ. ಹೊಸದಾಗಿ ಮರಳಿದವರು ತಮ್ಮನ್ನು ಸಾಬೀತು ಮಾಡುವ ಆತುರದಲ್ಲಿ ಮೊದಲ ವಾರ ಎಲ್ಲರಿಗಿಂತ ಹೆಚ್ಚು ಮಾಡಿಬಿಡುತ್ತಾರೆ. ಅದನ್ನು ನೋಡಿ "ಪರವಾಗಿಲ್ಲ, ಗುಣವಾಗಿದ್ದಾರೆ" ಎಂದು ಹೊರೆ ಹೆಚ್ಚಿಸಿದರೆ ಎರಡನೇ ವಾರ ಕುರ್ಚಿ ಖಾಲಿ.

ಅದಕ್ಕೆ ಬದಲು ಒಂದು ಹಾಳೆ ಇಡಿ. ಉದ್ಯೋಗಿ ದಿನಕ್ಕೆ ಎರಡೇ ಸಾಲು ತುಂಬಲಿ: ಇವತ್ತು ಏನೇನು ಮಾಡಿದೆ, ಇವತ್ತು ಬೆಳಗ್ಗೆ ಎದ್ದಾಗ ಹತ್ತಕ್ಕೆ ಎಷ್ಟು ಶಕ್ತಿ ಇತ್ತು. ಅದಕ್ಕಿಂತ ಹೆಚ್ಚು ಬರೆಸಬೇಡಿ, ಬರೆಯುವುದೂ ಶ್ರಮ. ಎರಡು ವಾರದ ನಂತರ ಇಬ್ಬರೂ ಕೂತು ಕಡಿಮೆ ಅಂಕದ ದಿನಗಳ ಹಿಂದಿನ ಎರಡು ದಿನ ಏನಾಗಿತ್ತು ಎಂದು ನೋಡಿ. ಬಹಳಷ್ಟು ಸಲ ಅಲ್ಲೊಂದು ಉದ್ದನೆಯ ಸಭೆಯೋ, ಒಂದಕ್ಕೊಂದು ಅಂಟಿದ ಮೂರು ಕರೆಗಳೋ, ಕಚೇರಿಗೆ ಬಂದ ದಿನವೋ ಸಿಗುತ್ತದೆ. ಏನನ್ನು ಕಡಿಮೆ ಮಾಡಬೇಕು ಎಂಬುದನ್ನು ಆ ಹಾಳೆಯೇ ಹೇಳುತ್ತದೆ. ಏರಿಸುವಾಗಲೂ ಒಂದು ಸಲಕ್ಕೆ ಒಂದನ್ನೇ ಏರಿಸಿ: ಗಂಟೆಯೋ, ಸಭೆಯೋ, ಪ್ರಯಾಣವೋ. ಮೂರನ್ನೂ ಒಟ್ಟಿಗೆ ಏರಿಸಿ ಕುಸಿದರೆ ಕಾರಣ ಯಾವುದೆಂದು ಯಾರಿಗೂ ತಿಳಿಯದು. ಈ ಹಾಳೆ ನೆರವಿಗೆ ಮಾತ್ರ, ವಾರ್ಷಿಕ ಮೌಲ್ಯಮಾಪನದ ಕಡತಕ್ಕೆ ಹೋಗುವುದಿಲ್ಲ ಎಂದು ಮೊದಲ ದಿನವೇ ಮಾತು ಕೊಡಿ. ಕೊಟ್ಟ ಮೇಲೆ ಉಳಿಸಿಕೊಳ್ಳಿ.

ಪೂರ್ತಿ ಸರಿಹೋದ ಮೇಲೂ ಆ ಹಾಳೆಯನ್ನು ಅವರ ಬಳಿಯೇ ಇರಿಸಿ. ನಾನು ಹೇಳಿದ ಸಹೋದ್ಯೋಗಿಗೆ ಒಂದೂವರೆ ವರ್ಷದ ನಂತರ ಮತ್ತೆ ಸೋಂಕು ಬಂತು, ಮಂಕೂ ಮರಳಿತು. ಈ ಸಲ ಯಾರೂ ಏನು ಮಾಡುವುದೆಂದು ತಲೆ ಕೆಡಿಸಿಕೊಳ್ಳಲಿಲ್ಲ. ಅವರು ಹಳೆಯ ಹಾಳೆ ತೆಗೆದು, ಮೂರನೇ ತಿಂಗಳಿನ ಸಾಲಿಗೆ ಬೆರಳಿಟ್ಟು, "ಇಲ್ಲಿಂದ ಶುರು ಮಾಡೋಣ" ಎಂದರು.